ಹೊಲ ನೋಡಲು ಬಂದವರು

ಚಳಿಗಾಲ ಬಂತೆಂದರೆ ನನಗೆ ಮೈಗಿಂತ ಮೊದಲು ಮನಸ್ಸಿಗೆ ಚಳಿ ಹತ್ತುತ್ತದೆ. ವರ್ಷದ ಮುಕ್ಕಾಲು ಭಾಗ ಬಿಸಿಲನ್ನು ಬೈಯುವ ನಮ್ಮ ಸೀಮೆಯವರಿಗೆ ಇದು ಶೋಭಿಸುವ ಕಾಯಿಲೆಯಲ್ಲ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಅದು ಇನ್ನೂ ಬಲಿಯಿತು. ಆಳಂದದ ಮನೆಯಲ್ಲಿ ರಗ್ಗು ಹೊದ್ದು ಗೋಡೆ ನೋಡುತ್ತ ಕೂತಿದ್ದ ನನಗೆ ಹೆಂಡತಿ, "ಗ್ವಾಡಿ ಏನೂ ಹೇಳಂಗಿಲ್ರಿ, ಡಾಕ್ಟರ್ ಕಡೆ ನಡೀರಿ," ಎಂದಳು. ಡಾಕ್ಟರು ಮಾತ್ರೆ ಬರೆಯಲಿಲ್ಲ. ದಿನಾ ಬೆಳಿಗ್ಗೆ ಯಾವುದಾದರೂ ಹೊಲಕ್ಕೆ ಹೋಗಿ, ಚಪ್ಪಲಿ ಬಿಟ್ಟು ಬಿಸಿಲಿಗೆ ಕೂತು, ಮಣ್ಣು ಮುಟ್ಟಿ, ದೂರ ನೋಡಬೇಕು, ಮಾತು ಕಡಿಮೆ ಮಾಡಬೇಕು ಎಂದರು. ನಮ್ಮ ಹೊಲವನ್ನು ಅಪ್ಪ ನನ್ನ ಓದಿಗೆಂದೇ ಮಾರಿದ್ದ. ಹಾಗಾಗಿ ಬಸ್ಸು ಹಿಡಿದು ಸರಸಂಬಾದ ಹತ್ತಿರ ಇಳಿದು, ಕಣ್ಣಿಗೆ ಹಿತವಾದ ಒಂದು ಜೋಳದ ಹೊಲ ಆರಿಸಿಕೊಂಡೆ.

ಹೊಲದ ಯಜಮಾನ ಶರಣಪ್ಪ ನಾನು ಯಾರು, ಏಕೆ ಬಂದೆ ಎಂದು ಕೇಳಲೇ ಇಲ್ಲ. "ಕುಂದರ್ರಿ, ಆರಾಮಾಗಿ ನೋಡ್ರಿ," ಎಂದು ಗೋಣಿತಟ್ಟು ಹಾಸಿದ. ನಿವೃತ್ತ ಮಾಸ್ತರ ಎಂದಷ್ಟೇ ಹೇಳಿ ನಾನು ಕಾಳಜಿಯಿಂದ ಮೌನ ಪಾಲಿಸಿದೆ. ಮರುದಿನ ಛಾ ಬಂತು. ಆಮೇಲೆ ಸೀತನಿ ಬಂತು: ಎಳೆ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿ ಕಾಳಿನ ಜೊತೆ ನಂಚಿಕೊಳ್ಳಲು ಖಾರದ ಸೇಂಗಾ ಹಿಂಡಿ. ಮೂವತ್ತು ದಾಟಿದ ಅವನ ಮಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಲಕ್ಕೆ ನೀರು ಹಾಯಿಸುತ್ತಿದ್ದ. ಈಗಿನ ರೈತರು ಎಷ್ಟು ನೀಟು ಎಂದುಕೊಂಡೆ. ವಾರದಲ್ಲಿ ನನ್ನ ಮಂಕು ಹರಿದು, "ಇದು ಸ್ವರ್ಗ ನೋಡ್ರಿ ಶರಣಪ್ಪ," ಎನ್ನುವಷ್ಟು ಗೆಲುವಾದೆ.

ಅವನ ಮುಖ ಅರಳಿತು. "ಅಕ್ಕಾವ್ರು ಎಷ್ಟು ಸಾಲಿ ಕಲ್ತಾರ್ರಿ?" ಎಂದ.

"ಯಾವ ಅಕ್ಕಾವ್ರು?"

"ನಿಮ್ಮ ಮಗಳ್ರಿ."

ಆಗ ಹೊಳೆಯಿತು. ನಮ್ಮ ಕಡೆ ಹೆಣ್ಣಿನ ತಂದೆ ಮೊದಲು ವರನ ಹೊಲ ನೋಡುತ್ತಾನೆ. ಬಂದ ಕಾರಣ ಅವನೂ ಬಾಯಿಬಿಡುವುದಿಲ್ಲ, ಹುಡುಗನ ಕಡೆಯವರೂ ಕೇಳುವುದಿಲ್ಲ. ಮಣ್ಣು ಹಿಚುಕುತ್ತ ಸುಮ್ಮನೆ ಬೆಳೆ ನೋಡುವ ಮುದುಕ ಮತ್ತೆ ಇನ್ಯಾರಾಗಿರಲು ಸಾಧ್ಯ? ಡಾಕ್ಟರು ನನಗೆ ಬರೆದುಕೊಟ್ಟದ್ದು ಬೀಗರ ನಡವಳಿಕೆಯನ್ನೇ.

"ನನಗ ಇಬ್ಬರೂ ಗಂಡು ಮಕ್ಕಳ್ರಿ," ಎಂದೆ. "ಮನಸಿಗಿ ಆರಾಮಿಲ್ಲಂತ ಡಾಕ್ಟರ್ ಹೊಲಕ್ಕ ಕಳಿಸ್ಯಾರ."

ಶರಣಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಕೆಂಡ ಕೆದಕುತ್ತ ಹೇಳಿದ: "ಅಫಜಲಪುರದವ್ರು ಬಂದಿದ್ರು, ಜೇವರ್ಗಿಯವ್ರು ಬಂದಿದ್ರು. ಹೊಲ ಎಲ್ಲಾರಿಗೂ ಮನಸಿಗಿ ಬಂತ್ರಿ. ಹುಡುಗಗ ನೌಕ್ರಿ ಇಲ್ಲಂತ ಹೋಗಿಬಿಟ್ರು." ಮತ್ತೊಂದು ತೆನೆ ತಿಕ್ಕಿ ಕಾಳನ್ನು ನನ್ನ ಅಂಗೈಗೆ ಸುರಿದ. "ಖರೇ ಹೇಳ್ರಿ ಮಾಸ್ತರ್ರ, ನಿಮಗ ಮಗಳಿದ್ದಿದ್ರ ಕೊಡ್ತಿದ್ರೇನು?"

ಕಾಳನ್ನು ಬಾಯಿಗೆ ಹಾಕಿಕೊಂಡೆ. ಅಷ್ಟು ಹೊತ್ತು ಅಗಿಯುವ ಪದಾರ್ಥವಲ್ಲ ಸೀತನಿ. ಆದರೂ ಅಗಿದೆ.

ಈಗ ನಮ್ಮ ಮಾಳಿಗೆಯ ಮೇಲೆ, ನೀರಿನ ಟಾಕಿಯ ಪಕ್ಕ ಬಿಸಿಲಿಗೆ ಕೂರುತ್ತೇನೆ. ಹೊಲಕ್ಕೆ ಹೋಗುವುದನ್ನು ಯಾಕೆ ಬಿಟ್ಟಿರಿ ಎಂದು ಡಾಕ್ಟರು ಕೇಳಿದರು. ಅಲ್ಲಿ ಚಳಿ ಜಾಸ್ತಿ ಎಂದೆ.