ಕಾರಿಗಾಗಿ ಕಾಯುವ ರೈಲು

ನನ್ನ ಸೋದರಮಾವನಿಗೆ ರೈಲಿನ ಹುಚ್ಚು ಎಂದು ಹರಿಹರದಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ರೈಲಿನ ಹುಚ್ಚಿದ್ದವರು ರೈಲು ಓಡಿಸಬೇಕಲ್ಲವೇ? ಈ ಪುಣ್ಯಾತ್ಮರು ನಡುಕೋಣೆಯ ತುಂಬ ಹಲಗೆ ಹಾಸಿ, ಅದರ ಮೇಲೆ ಹಳಿ, ಸ್ಟೇಷನ್ನು, ಗೇಟು ಎಲ್ಲ ಕೂಡಿಸಿಕೊಂಡು, ವರ್ಷಪೂರ್ತಿ ಮಾಡುವುದು ಕಾರು! ಬೆರಳುದ್ದದ ಕಾರು. ದಾವಣಗೆರೆಯಿಂದ ಭಾನುವಾರ ಹೋದಾಗಲೆಲ್ಲ ನೋಡುತ್ತಿದ್ದೆ, ತಲೆಬುಡ ತಿಳಿಯುತ್ತಿರಲಿಲ್ಲ.

ಈ ಕಾರುಗಳು ಪರದೇಶದಿಂದ ಸಣ್ಣ ಡಬ್ಬಿಯಲ್ಲಿ ಬೂದುಬಣ್ಣದ ಚೂರುಗಳಾಗಿ ಬರುತ್ತವೆ. ಇದಕ್ಕೆ ವೈಟ್ ಮೆಟಲ್ ಎಂಬ ಹೆಸರು ಯಾರು ಇಟ್ಟರೋ, ಬಿಳುಪೂ ಇಲ್ಲ, ಲೋಹದ ಗಟ್ಟಿತನವೂ ಇಲ್ಲ. ಅಂಚುಗಳನ್ನು ಅರದಿಂದ ಉಜ್ಜಿ, ಅಂಟಿಸಿ, ಬಣ್ಣ ಬಳಿಯಬೇಕು. ಮಾವ ಅಂಟನ್ನು ನಂಬದೆ, ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯನ್ನು ನನ್ನ ಕೈಲೇ ದಾವಣಗೆರೆಯ ಮಂಡಿಪೇಟೆಯಿಂದ ತರಿಸಿದರು. ತಾಗಿಸಿದ್ದೇ ತಡ, ಬಾನೆಟ್ಟು ಬೆಣ್ಣೆಯ ಹಾಗೆ ಕರಗಿ ಇಳಿಯಿತು.

"ಬಾನೆಟ್ ಎಲ್ಲಿ ಮಾವ?" ಎಂದೆ.

"ಇಲ್ಲೇ ಐತಲ್ಲ," ಎಂದು ಹಲಗೆಯ ಮೇಲಿನ ಹನಿಯನ್ನು ಗಂಭೀರವಾಗಿ ತೋರಿಸಿದರು.

ಆಯುಧಪೂಜೆಯ ದಿನ ಕಾರುಗಳಿಗೆಲ್ಲ ವಿಭೂತಿ. ಚಕ್ರದಡಿ ನಿಂಬೆಹಣ್ಣು ಇಡಬೇಕಲ್ಲ? ನಿಂಬೆಹಣ್ಣು ಕಾರಿಗಿಂತ ದೊಡ್ಡದು! ಮಾವ ಯೋಚಿಸಿ ಯೋಚಿಸಿ ನಿಂಬೆಯ ಬೀಜ ಇಟ್ಟರು. ಬೀಜ ಒಡೆಯಲಿಲ್ಲ, ಚಕ್ರವೇ ಕಳಚಿಕೊಂಡು ಮಂಚದಡಿಗೆ ಉರುಳಿತು. ನಾನು ಬಗ್ಗಿ ಹುಡುಕುತ್ತಿದ್ದರೆ ಮಂಚದ ಮೇಲಿದ್ದ ಅತ್ತೆ ನಕ್ಕು ನಕ್ಕು ಸುಸ್ತಾದರು. ಅತ್ತೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನವಿಲ್ಲ. ಈಗ ಆ ಕೋಣೆಯೇ ಅವರ ಊರು.

ಹಾಗಾದರೆ ರೈಲು ಇರಲೇ ಇಲ್ಲವೇ ಎನ್ನುತ್ತೀರಿ. ಇತ್ತು, ಗೇಟಿನ ಬಳಿ ನಿಂತೇ ಇತ್ತು. ಏಕೆಂದರೆ ಗೇಟು ಬಿದ್ದಿದ್ದು ರಸ್ತೆಗಲ್ಲ, ಹಳಿಗೆ ಅಡ್ಡವಾಗಿ! ಕಾರುಗಳದ್ದು ರಾಜಾರೋಷದ ಓಡಾಟ.

"ಮಾವ, ಗೇಟು ಉಲ್ಟಾ ಹಾಕೀರಿ."

"ಸರಿ ಐತೆ."

"ಮತ್ತೆ ರೈಲು ಹೋಗೋದು ಹೆಂಗೆ?"

"ಮೊದ್ಲು ಕಾರು ದಾಟ್ಲಿ."

"ಎಲ್ಲಾ ದಾಟಿ ಆತಲ್ರಿ."

"ಇನ್ನೊಂದು ಐತೆ ತಡಿ," ಎಂದವರೇ ಹೊಸ ಡಬ್ಬಿ ಬಿಚ್ಚಿ ಅರ ಕೈಗೆತ್ತಿಕೊಂಡರು.

ನನಗೆ ತಲೆ ಕೆಟ್ಟು ಹೋಯಿತು. ಅವರು ಚಹಾ ಮಾಡಲು ಒಳಗೆ ಹೋದಾಗ ಅತ್ತೆಯನ್ನೇ ಕೇಳಿದೆ.

"ನಂಗೆ ಲಕ್ವ ಹೊಡೆದಾಗ ನಿಮ್ಮಾವ ಕಾರಿನಾಗೆ ದಾವಣಗೆರೆ ಆಸ್ಪತ್ರೆಗೆ ಕರ್ಕಂಡು ಹೊಂಟಿದ್ರಪ್ಪ," ಎಂದರು ಅತ್ತೆ. "ಗೇಟ್ ಹಾಕಿತ್ತು. ಗೂಡ್ಸ್ ಗಾಡಿ, ಮುಗೀಲೇ ಇಲ್ಲ. ಇಳಿದು ಗೇಟ್ ಹಿಡ್ಕಂಡು ಅತ್ರು. ಬ್ಯಾರೆ ದಾರಿ ಹಿಡೀಬೇಕಿತ್ತು, ತಪ್ಪು ನಂದೇ ಅಂತ ಇವತ್ತಿಗೂ ಅಂತಾರೆ. ಯಾವ ದಾರಿ ಹಿಡಿದಿದ್ರೂ ಇಷ್ಟೇ ಅಂತ ಡಾಕ್ಟ್ರು ಹೇಳಿದ್ರೂ ಕೇಳಂಗಿಲ್ಲ."

ಅಷ್ಟು ದಿನ ನಕ್ಕಿದ್ದಕ್ಕೆ ನನಗೆ ಸಂಕಟವಾಯಿತು. ಮಾವ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ಅತ್ತೆ ಅವರ ಕಡೆ ತಿರುಗಿದರು. "ಏನ್ರಿ, ನಾನು ದಾಟಿ ಭಾಳ ದಿನ ಆತು. ಇಲ್ಲೇ ಕುಂತು ದಿನಾ ನಿಮ್ಮ ಕೈ ಚಾ ಕುಡಿಯಾಕತ್ತೀನಲ್ಲ. ಇನ್ನ ರೈಲು ಬಿಡ್ರಿ."

ಮಾವ ಲೋಟ ಇಟ್ಟು, ಬೆರಳಿನಿಂದ ಗೇಟು ಎತ್ತಿದರು. ಆಮೇಲೆ ರೈಲಿನ ಸ್ವಿಚ್ಚನ್ನು ವೈರಿನ ಸಮೇತ ಮಂಚದವರೆಗೆ ಎಳೆದು ತಂದು ಅತ್ತೆಯ ಬಲಗೈಗೆ ಕೊಟ್ಟರು.

"ನೀನೇ ಬಿಡು," ಎಂದರು.