ಅತ್ತಿಗಮ್ಮನ ಜಗಲಿ ಮುಂದೆ ಅಪ್ಪನ ಕುದುರೆ

ಕುದುರೆ ಹತ್ತುವುದೇ ಕಷ್ಟ ಎಂದು ಲೋಕವೆಲ್ಲ ಹೇಳುತ್ತದೆ. ನಮ್ಮ ಮನೆಗೆ ತೊಂದರೆ ಬಂದದ್ದು ಇಳಿಯುವುದರಿಂದ. ಎಪ್ಪತ್ತರ ದಶಕದ ಕೊನೆಯ ಮಾತು. ಆಗ ಕುಣಿಗಲ್ ಸೀಮೆಯಲ್ಲಿ ರೇಸಿನವರಿಗೆ ಬೇಡವಾದ ಕುದುರೆಗಳು ಸುತ್ತಲ ಹಳ್ಳಿಗಳಲ್ಲಿ ಸಂಸಾರಕ್ಕೆ ಬೀಳುತ್ತಿದ್ದವು. ಅಂಥದೊಂದು ಕಂದು ಹೆಣ್ಣು ಕುದುರೆ ನಮ್ಮಪ್ಪನದು. ತೋಟಕ್ಕೆ, ಹೊಲಕ್ಕೆ, ಯಡಿಯೂರಿಗೆ, ಎಲ್ಲಕ್ಕೂ ಅದರ ಮೇಲೆಯೇ ಸವಾರಿ. ಅವರ ಮಗನಾದ ನಾನು ತುಮಕೂರಿನಲ್ಲಿ ಸರ್ಕಾರಿ ಗುಮಾಸ್ತ. ನನಗೆ ಸೈಕಲ್ಲಿನ ಮೇಲೂ ಪೂರ್ತಿ ನಂಬಿಕೆಯಿಲ್ಲ.

ನಮ್ಮೂರಿನಲ್ಲಿ ಒಂದು ಪದ್ಧತಿ. ಹಿರಿಯರು ಜಗಲಿಯ ಮೇಲೆ ಕೂತಿದ್ದರೆ ಅವರೆದುರು ಕುದುರೆಯ ಮೇಲೆ ಹೋಗುವಂತಿಲ್ಲ. ಇಳಿದು, ಲಗಾಮು ಹಿಡಿದು, ಮನೆ ದಾಟಿದ ಮೇಲೆ ಹತ್ತಬೇಕು. ಎಪ್ಪತ್ತು ದಾಟಿದ ಅಪ್ಪನಿಗಿಂತ ಹಿರಿಯರಾಗಿ ಊರಲ್ಲಿ ಉಳಿದಿದ್ದವರು ಒಬ್ಬರೇ: ಅಪ್ಪನ ಅತ್ತಿಗೆ, ನನ್ನ ದೊಡ್ಡಮ್ಮ. ತೋಟದ ದಾರಿಯಲ್ಲೇ ಅವರ ಮನೆ. ಬೇಸಿಗೆಯುದ್ದಕ್ಕೂ ಹೊಂಗೆಮರದ ನೆರಳಿಗಿದ್ದ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅಪ್ಪ ಇಳಿಯುವುದೇನೋ ಇಳಿಯುತ್ತಿದ್ದರು. ಆದರೆ ಮಂಡಿನೋವಿನಿಂದಾಗಿ ಮತ್ತೆ ಹತ್ತಬೇಕಾದರೆ ಎತ್ತರದ ಕಲ್ಲೇ ಬೇಕಿತ್ತು. ಅಂಥ ಕಲ್ಲು ನಮ್ಮ ಮನೆ ಮುಂದೆ ಇತ್ತು, ತೋಟದಲ್ಲಿತ್ತು, ಆ ಬೀದಿಯಲ್ಲಿ ಮಾತ್ರ ಇರಲಿಲ್ಲ.

ಆ ವರ್ಷ ರಜೆ ಹಾಕಿ ಊರಿಗೆ ಹೋದರೆ ಅಮ್ಮನ ದೂರು ಕಾದಿತ್ತು. "ನಿಮ್ಮಪ್ಪ ಕೆರೆ ಏರಿ ಸುತ್ಕೊಂಡು ತೋಟಕ್ಕೆ ಹೋಯ್ತವ್ರೆ ಕಣೋ. ಒಂದು ಮರ ಇಲ್ಲ ಅಲ್ಲಿ. ಮೊನ್ನೆ ತಲೆ ಸುತ್ತಿ ಕುದುರೆ ಕತ್ತು ತಬ್ಕೊಂಡು ಬಂದ್ರು. ಎಲ್ಲಾದ್ರೂ ಬಿದ್ದೋದ್ರೆ ಏನ್ಲಾ ಗತಿ?"

ಅಪ್ಪನನ್ನು ಕೇಳಿದೆ. "ಅತ್ತಿಗಮ್ಮ ಕೂತಿರ್ತಾರೆ. ಇಳಿದ್ರೆ ಹತ್ತಕ್ಕಾಗಲ್ಲ. ಊರೆಲ್ಲ ನೋಡ್ತಿರುವಾಗ ರಾಗಿ ಮೂಟೆ ಎತ್ತಿದಂಗೆ ನನ್ನ ಎತ್ತಿ ಕೂರಿಸ್ಬೇಕಾ?" ಎಂದರು.

"ಹಂಗಾದ್ರೆ ಇಳೀದೆ ಹೋಗಪ್ಪ" ಎಂದುಬಿಟ್ಟೆ. ಸರ್ಕಾರಿ ಬುದ್ಧಿ.

"ಅವ್ವ ಸತ್ತಾಗ ನಂಗೆ ಉಣ್ಣಕ್ಕಿಕ್ಕಿ ಸಾಕಿದೋರು ಕಣೋ ಅವ್ರು" ಎಂದರು ಅಪ್ಪ.

ಬೇರೆ ದಾರಿ ಕಾಣದೆ ದೊಡ್ಡಮ್ಮನ ಹತ್ತಿರ ಹೋಗಿ, ಅಪ್ಪ ಹೋಗುವ ಹೊತ್ತಿಗೆ ಸ್ವಲ್ಪ ಒಳಗಿರಬಹುದೇ ಎಂದು ಸುತ್ತಿ ಬಳಸಿ ಕೇಳಿದೆ. ದೊಡ್ಡಮ್ಮ ಹುಣಸೆಹಣ್ಣು ಕೆಳಗಿಟ್ಟರು. "ಅಷ್ಟೂ ತಿಳೀದೇನ್ಲಾ ನಂಗೆ? ಗೊರಸಿನ ಸದ್ದು ಕೇಳಿದ್ರೆ ಎದ್ದು ಒಳಗೋಯ್ತಿದ್ದೆ. ಒಳಗೆ ಹೆಂಚು ಕಾದು ಉಸಿರು ಕಟ್ತದೆ, ಆದ್ರೂ ಬುಡು, ನನ್ ಮೈದ್ನ ದಾಟ್ಕೊಂಡೋಗ್ಲಿ ಅಂತ. ಈಗ ಸದ್ದೇ ಇಲ್ಲ. ನಾನೇನು ತಪ್ಪು ಮಾಡಿದ್ನೋ ಅಂತ ಒಬ್ಳೇ ಕೂತು ಅತ್ತಿದೀನಿ" ಎಂದರು.

ಓಡಿಹೋಗಿ ಅಪ್ಪನಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಗೊತ್ತು. ಒಂದಿನ ಬಿರಬಿರನೆ ಒಳಗೋಗೋವಾಗ ಹೊಸಿಲು ಎಡವಿಬಿಟ್ರು. ಅವತ್ತಿಂದ ನಾನು ಏರಿ ದಾರಿ ಹಿಡಿದೆ" ಎಂದರು. ಶಿವಶಿವಾ! ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟೇ ಮೊದಲು ದೊಡ್ಡಮ್ಮ ಹೆಂಚಿನಡಿ ಬೆಂದರು, ಈಗ ಅಪ್ಪ ಬಿಸಿಲಲ್ಲಿ ಬೇಯುತ್ತಿದ್ದರು. ಇಂಥ ಹಿರಿಯರನ್ನು ಕಟ್ಟಿಕೊಂಡು ಏಗುವುದು ಹೇಗೆ?

ಮಾರನೆಯ ದಿನ ಅಪ್ಪನನ್ನು ಒಪ್ಪಿಸಿ ಕುದುರೆಯ ಪಕ್ಕದಲ್ಲಿ ನಾನೂ ನಡೆದೆ. ದೊಡ್ಡಮ್ಮ ಏಳಲಿಲ್ಲ. ಅಪ್ಪ ಇಳಿದರು. "ಬಾಪ್ಪ, ಎಷ್ಟ್ ದಿನ ಆಯ್ತು" ಎಂದು ದೊಡ್ಡಮ್ಮ ಮಜ್ಜಿಗೆ ಕೊಟ್ಟರು. ಇಬ್ಬರೂ ನೆರಳಲ್ಲಿ ಕೂತರು. ಹೊರಡುವಾಗ ಅಪ್ಪ ನನ್ನ ಮುಖ ನೋಡಿದರು. ಮೇಲಧಿಕಾರಿಗಳ ಮುಂದೆಯೂ ಬಗ್ಗದವನು ಎಂದು ತುಮಕೂರಿನಲ್ಲಿ ಜಂಬ ಕೊಚ್ಚುವ ನಾನು ಬೀದಿಯಲ್ಲಿ ಮಂಡಿಯ ಮೇಲೆ ಕೈಯೂರಿ ಬಗ್ಗಿದೆ. "ಇನ್ನೊಂಚೂರು ಬಗ್ಗೋ" ಎಂದು, ನನ್ನ ಬೆನ್ನಿನ ಮೇಲೆ ಕಾಲಿಟ್ಟು ಹತ್ತಿದರು. ರಜೆ ಮುಗಿಯುವವರೆಗೂ ಅದೇ ನನ್ನ ಉದ್ಯೋಗ.

ಮುಂದಿನ ಬೇಸಿಗೆಗೆ ದೊಡ್ಡಮ್ಮ ಇರಲಿಲ್ಲ. ಅಪ್ಪ ಇಳಿಯಬೇಕಾದ ಹಿರಿಯರು ಊರಲ್ಲಿ ಯಾರೂ ಉಳಿದಿರಲಿಲ್ಲ. ರಜೆಗೆ ಬಂದಿದ್ದ ನಾನೂ ಅಪ್ಪನ ಜೊತೆ ತೋಟದಿಂದ ಬರುವಾಗ ಆ ಮನೆಯ ಮುಂದೆ ಅವರು ಕುದುರೆ ನಿಲ್ಲಿಸಿದರು. ಬಾಗಿಲಿಗೆ ಬೀಗ, ಜಗಲಿಯ ಮೇಲೆ ಹೊಂಗೆ ಎಲೆ ಬಿದ್ದಿತ್ತು. ಅಪ್ಪ ಇಳಿದರು. ಕಣ್ಣು ಒರೆಸಿಕೊಂಡರು. ನಾನು ಬಗ್ಗಿದೆ. ಅವರಿನ್ನೂ ಕಾಲಿಟ್ಟಿರಲಿಲ್ಲ, ನನ್ನ ಸೊಂಟ ಹಿಡಿದುಕೊಂಡಿತು. ನೆಟ್ಟಗಾಗಲು ಬರಲೇ ಇಲ್ಲ. "ಅಯ್ಯೋ, ಬಾ ಮಗ, ನಡ್ಕೊಂಡೇ ಹೋಗಾನ" ಎಂದು, ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡು ಅಪ್ಪ ಮನೆಗೆ ನಡೆದರು.