ಪ್ಲೇಗಿನ ಊರಿಂದ ನಮ್ಮ ಬಾತ್ಮೀದಾರ

ಪತ್ರಿಕೆಗೆ ಬರೆಯುವವನ ಹಣೆಬರಹವೇ ಇಷ್ಟು. ದೂರ ಕೂತು ಬರೆದರೆ ಸುಳ್ಳುಗಾರ, ಹತ್ತಿರ ಹೋಗಿ ಬರೆದರೆ ಹುಚ್ಚ. ಪ್ಲೇಗು ಬಂದ ಆ ವರ್ಷ ನಾನು ಎರಡೂ ಆದೆ.

ಸಂತೆಯಲ್ಲಿ ಕೂತು

ಆಗ ನಾನು ಚಳ್ಳಕೆರೆಯಿಂದ ಬಳ್ಳಾರಿಯ ಒಂದು ವಾರಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಊರು ದಾಟುವ ಉಸಾಬರಿಯೇ ಇರಲಿಲ್ಲ. ಸಂತೆಗೆ ಬಂದ ಗಾಡಿಯವರು ಹೇಳಿದ್ದೇ ಸುದ್ದಿ. ಒಬ್ಬ, "ಮೊಳಕಾಲ್ಮೂರಾಗೆ ಮಗ್ಗದ ಸದ್ದೇ ಇಲ್ಲ ಸ್ವಾಮಿ" ಅಂದ. ಪ್ಲೇಗಿಗೆ ಹೆದರಿ ನೇಕಾರರೆಲ್ಲ ಊರು ಬಿಟ್ಟರೆಂದು ಎರಡು ಕಾಲಂ ಬರೆದೆ.

ಹದಿನೈದು ದಿನಕ್ಕೆ ಅಲ್ಲಿಂದ ಒಬ್ಬ ನೇಕಾರ ಪತ್ರಿಕೆ ಹಿಡಿದು ಬಂದ.

"ಸ್ವಾಮಿ, ಅವತ್ತು ಅಮಾಸೆ. ಅಮಾಸೆ ದಿನ ನಾವು ಮಗ್ಗ ಮುಟ್ಟಲ್ಲ."

"ಹಾಗಾದರೆ ಊರಲ್ಲೇ ಇದ್ದೀರಾ?"

"ಎಲ್ರೂ ಇದೀವಿ. ನಿಮ್ಮ ಪತ್ರಿಕೆ ಓದಿದ ಮೇಲೆ ಸೀರೆ ಕೊಳ್ಳೋಕೆ ಒಬ್ಬನೂ ಬರ್ತಿಲ್ಲ. ಬೇಜಾರ್ ಮಾಡ್ಕೋಬ್ಯಾಡ್ರಿ, ಇನ್ನೊಂದು ತಿಂಗಳಿಗೆ ನೀವು ಬರೆದದ್ದು ನಿಜ ಆಗ್ತೈತೆ."

ಕರಿ ಕೋಟು

ಸಂಪಾದಕರು ಕಾಗದ ಬರೆದರು: ಇನ್ನು ಕಣ್ಣಾರೆ ಕಂಡದ್ದನ್ನು ಮಾತ್ರ ಕಳಿಸಿ. ನಾಚಿಕೆಯಿಂದ ರಾಂಪುರದ ಆಚೆಗಿನ ಒಂದು ಹಳ್ಳಿಗೆ ಹೋದೆ. ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ನನ್ನ ಕರಿ ಕೋಟು ಕಂಡು, ರೋಗಿಗಳನ್ನು ಪ್ಲೇಗಿನ ಕ್ಯಾಂಪಿಗೆ ಎಳೆದೊಯ್ಯುವ ಸರ್ಕಾರಿ ಮನುಷ್ಯ ಎಂದುಕೊಂಡರು. ಯಾರನ್ನು ಕೇಳಿದರೂ, "ಏಮೀ ಲೇದು ಸ್ವಾಮಿ, ಯಾರಿಗೂ ಏನೂ ಇಲ್ಲ."

ಒಬ್ಬ ಮುದುಕಿ ಜ್ವರದಲ್ಲಿ ನಡುಗುತ್ತಲೇ ಎದ್ದು ಒನಕೆ ಹಿಡಿದು ಕುಟ್ಟತೊಡಗಿದಳು. ಒರಳಿನಲ್ಲಿ ಕಾಳೇ ಇರಲಿಲ್ಲ. ನೋಡಲಾರದೆ ಕೋಟು ಬಿಚ್ಚಿ, "ಅವ್ವ, ನಾನು ಪತ್ರಿಕೆಗೆ ಬರೆಯೋನು" ಅಂದೆ.

ಮುದುಕಿ ಒನಕೆ ಬಿಸಾಕಿ ಕುಸಿದು ಕೂತಳು. "ಮೊದ್ಲೇ ಹೇಳ್ಬಾರ್ದೇನಪ್ಪ? ಪ್ಲೇಗು ಬಿಟ್ಟಿದ್ದನ್ನ ನೀನು ಮುಗಿಸ್ತಿದ್ದೆಯಲ್ಲ!"

ಅಚ್ಚಾದ ಸುದ್ದಿ

ನಾನು ಅಲ್ಲೇ ಉಳಿದೆ. ಮುದುಕಿಯ ಜ್ವರ ಇಳಿಯಿತು, ಅವಳ ಸೊಸೆಗೆ ಕಂಕುಳಲ್ಲಿ ಗಡ್ಡೆ ಎದ್ದಿತು. ವೈದ್ಯರೆಂಬವರು ಆ ಕಡೆ ತಲೆ ಹಾಕಿರಲಿಲ್ಲ. "ಬರಿಯಪ್ಪ, ಓದಿ ಒಬ್ಬ ದಾಕ್ತರನ್ನಾದ್ರೂ ಕಳಿಸ್ತಾರೆ" ಅಂದಳು ಮುದುಕಿ. ಹನ್ನೆರಡು ಪುಟ ಬರೆದು ರಾಂಪುರದಿಂದ ಅಂಚೆಗೆ ಹಾಕಿದೆ. ಜನ್ಮದಲ್ಲಿ ಅಷ್ಟು ನಿಜ ನಾನು ಬರೆದಿರಲಿಲ್ಲ.

ಐದನೇ ದಿನ ಪತ್ರಿಕೆ ಬಂತು, ಜೊತೆಗೆ ಸಂಪಾದಕರ ಚೀಟಿ: "ಪ್ಲೇಗಿನ ಊರಿನ ಲಕೋಟೆಯಾದ್ದರಿಂದ ಬಿಚ್ಚದೆ ಇಕ್ಕಳದಲ್ಲಿ ಹಿಡಿದು ಸುಟ್ಟೆವು, ಮನ್ನಿಸಿ. ತಮ್ಮಿಂದ ಬೇರೆ ದೂರು ಬಾರದ ಕಾರಣ ಊರು ಕ್ಷೇಮವೆಂದು ಪ್ರಕಟಿಸಿದ್ದೇವೆ."

ನನಗೆ ಅಳುವುದೋ ಬಯ್ಯುವುದೋ ತಿಳಿಯಲಿಲ್ಲ. ಗುಡಿಸಲೊಳಗೆ ಸೊಸೆ ಜ್ವರದಲ್ಲಿ ಎಚ್ಚರ ತಪ್ಪಿ, ಮಾತು ಬಿಟ್ಟು ಎರಡು ದಿನವಾಗಿತ್ತು.

"ನಮ್ಮ ವಿಷ್ಯ ಬಂದೈತೇನಪ್ಪ?" ಮುದುಕಿ ಕೇಳಿದಳು.

"ಬಂದಿದೆ ಅವ್ವ. ಇಲ್ಲಿ ಎಲ್ಲರೂ ಕ್ಷೇಮವಂತೆ."

ಅವಳು ಪತ್ರಿಕೆಯನ್ನು ತಿರುವಿ ಮುರುವಿ ನೋಡಿದಳು. ಆಮೇಲೆ ನನ್ನ ಕೈಗೆ ಕೊಟ್ಟು, ಗುಡಿಸಲಿನ ತಟ್ಟಿ ಸರಿಸಿದಳು.

"ಬಾರಪ್ಪ, ನನ್ನ ಸೊಸೆಗೂ ಒಂದ್ಸಲ ಓದಿ ಹೇಳು. ಪಾಪ, ಅವಳಿಗಿನ್ನೂ ಗೊತ್ತಿಲ್ಲ."